ಪದಚರ್ಚೆ: ‘ವೋಲ್ಟೇಜ್ ರೆಗ್ಯುಲೇಶನ್’, ‘ಡೆಡ್ ಬ್ಯಾಂಡ್’, ‘ಹಂಟಿಂಗ್’ – ಕನ್ನಡದಲ್ಲಿ ಏನನ್ನೋಣ? (ನಾಳೆ ಪ್ರೆಸ್ಸಿಗೆ)

ಅನುವಾದಕ, ಯಾದಗಿರಿ:

ನಮಸ್ಕಾರ. ಲೈನ್‌ಮನ್ ಮತ್ತು ಸ್ಟೇಷನ್ ಆಪರೇಟರ್‌ಗಳಿಗೆ ಒಂದು ತರಬೇತಿ ಕೈಪಿಡಿ, ಜೊತೆಗೆ ಗೋಡೆಗೆ ಹಾಕುವ ಒಂದು ಫಲಕ. ಎರಡೂ ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ವಿಷಯ: ಸ್ಮಾರ್ಟ್ ಗ್ರಿಡ್ ಬಂದ ಮೇಲೆ ವಿತರಣಾ ಜಾಲದಲ್ಲಿ ವೋಲ್ಟೇಜ್ ಕಾಯ್ದುಕೊಳ್ಳುವ ಬಗೆ. ನನ್ನ ಕೈಗೆ ಬಂದ ಕರಡಿನಲ್ಲಿ ವೋಲ್ಟೇಜ್ ಕಂಟ್ರೋಲ್, ವೋಲ್ಟೇಜ್ ರೆಗ್ಯುಲೇಶನ್ ಎರಡಕ್ಕೂ ‘ನಿಯಂತ್ರಣ’ ಅಂತಿದೆ. ಡೆಡ್ ಬ್ಯಾಂಡ್‌ಗೆ ‘ಮೃತ ಪಟ್ಟಿ’, ಹಂಟಿಂಗ್‌ಗೆ ‘ಬೇಟೆ’, ರಿವರ್ಸ್ ಪವರ್ ಫ್ಲೋಗೆ ‘ಹಿಮ್ಮುಖ ಪ್ರವಾಹ’, ರಿಯಾಕ್ಟಿವ್ ಪವರ್‌ಗೆ ‘ಪ್ರತಿಕ್ರಿಯಾತ್ಮಕ ಶಕ್ತಿ’. ಸಬ್‌ಸ್ಟೇಷನ್ ಗೋಡೆ ಮೇಲೆ ‘ಮೃತ ಪಟ್ಟಿ’ ಅಂತ ಕಂಡರೆ ಯಾರ್ಯಾರ ಹೆಸರು ಅದರಾಗ ಅದಾವ ಅಂತ ಹುಡುಕ್ತಾರೆ. ಬಳಕೆಗೆ ಒದಗುವ ಪದ ಕೊಡಿ.

ಪದಪ್ರೇಮಿ, ಬೆಂಗಳೂರು:

ಮೊದಲು ‘ವೋಲ್ಟೇಜ್’ ಕೈಬಿಡಿ. ಒತ್ತು ನಮ್ಮದೇ ಪದ, ‘ಮಿನ್ನೊತ್ತು’ ಎನ್ನಿ. ಕಂಟ್ರೋಲಿಗೆ ‘ಅಂಕೆ’ ಇದೆ, ನಿಯಂತ್ರಣ ಯಾಕೆ? ಗ್ರಿಡ್ ಎಂದರೆ ಬಲೆ, ಸ್ಮಾರ್ಟ್ ಎಂದರೆ ಜಾಣ. ‘ಜಾಣಬಲೆಯಲ್ಲಿ ಮಿನ್ನೊತ್ತಿನ ಅಂಕೆ’ – ತಲೆಬರಹ ಮುಗಿಯಿತು. ಎರವಲು ಪದ ಒಂದು ಸಲ ಒಳಗೆ ಬಂದರೆ ಹೊರಡುವುದಿಲ್ಲ.

ವಿದ್ಯುತ್ ಇಂಜಿನಿಯರ್, ಕಲಬುರಗಿ:

ಜಾಣಬಲೆ ಹಾಕಿ ಭೀಮಾ ನದಿಯಾಗ ಮೀನ ಹಿಡೀಬಹುದು, ಫೀಡರ್ (ಸ್ಟೇಷನ್ನಿನಿಂದ ಊರಿಗೆ ಹೋಗೋ ಲೈನು) ನಡಸಲಿಕ್ಕಾಗಲ್ಲ. ಒಂದೊಂದೇ ಹೇಳ್ತೀನ್ರಿ.

ರೆಗ್ಯುಲೇಶನ್ನಿಗೆ ಎರಡು ಅರ್ಥ. ಒಂದು, ವೋಲ್ಟೇಜನ್ನು ಮಿತಿಯೊಳಗೆ ಇಡೋ ಕೆಲಸ. ಅಲ್ಲಿ ನಿಯಂತ್ರಣ ನಡೀತದ. ಇನ್ನೊಂದು ಟ್ರಾನ್ಸ್‌ಫಾರ್ಮರಿನ, ಲೈನಿನ ಗುಣ: ಖಾಲಿ ಇದ್ದಾಗಿನ ವೋಲ್ಟೇಜು ಪೂರ್ತಿ ಲೋಡ್ ಬಿದ್ದಾಗ ಶೇಕಡಾ ಎಷ್ಟು ಇಳೀತು ಅನ್ನೋದು. ಇದಕ್ಕೂ ನಿಯಂತ್ರಣ ಅಂತ ಬರೆದರೆ ‘ಶೇ 8 ನಿಯಂತ್ರಣ’ ಆಗ್ತದ. ಓದಿದವ ಹೆಚ್ಚಿದ್ದಷ್ಟು ಛಲೋ ಅಂದ್ಕೋತಾನ; ಖರೆ ಅಂದ್ರ ಕಡಿಮೆ ಇದ್ದಷ್ಟು ಛಲೋ. ಅಲ್ಲಿ ‘ವೋಲ್ಟೇಜ್ ಕುಸಿತ’ ಹಾಕಿರಿ.

ಡೆಡ್ ಬ್ಯಾಂಡ್ ಅಂದ್ರ, ವೋಲ್ಟೇಜು ಇಷ್ಟರಿಂದ ಇಷ್ಟರೊಳಗ ಇರೋ ತನಕ ರಿಲೇ (ವೋಲ್ಟೇಜ್ ನೋಡಿ ಹುಕುಂ ಕೊಡೋ ಸಾಧನ) ಟ್ಯಾಪ್ (ಟ್ರಾನ್ಸ್‌ಫಾರ್ಮರಿನ ಸುತ್ತು ಹೆಚ್ಚು–ಕಡಿಮೆ ಮಾಡಿ ವೋಲ್ಟೇಜ್ ಬದಲಿಸೋ ಮೆಟ್ಟಿಲು) ಮುಟ್ಟದೇ ಕೂಡುವ ಅಂತರ. ‘ಸುಮ್ಮನಿರುವ ಅಂತರ’ ಅನ್ರಿ, ಮುಗೀತು. ಇದರ ಅಳತೆಯನ್ನೂ ಕೈಪಿಡಿಯಾಗ ಕೊಡ್ರಿ, ಇಲ್ಲಾಂದ್ರ ಪದ ತಿಳಿದು ಉಪಯೋಗಿಲ್ಲ. ಒಂದು ಟ್ಯಾಪ್ ಶೇ 1.25 ಇದ್ದರೆ 11 ಕೆವಿ ಬಸ್ಸಿನಲ್ಲಿ (ಸ್ಟೇಷನ್ನಿನಾಗ ಫೀಡರುಗಳೆಲ್ಲ ಕೂಡೋ ದಪ್ಪ ವಾಹಕ) ಅದು 137.5 ವೋಲ್ಟ್. ಅಂತರ ಇದಕ್ಕಿಂತ ಕಿರಿದಾಗಿ ಸೆಟ್ ಮಾಡಿದರೆ, ಒಂದು ಟ್ಯಾಪ್ ಏರಿಸಿದ ಕೂಡಲೇ ವೋಲ್ಟೇಜು ಮೇಲಿನ ಗಡಿ ದಾಟ್ತದ, ಇಳಿಸಿದ ಕೂಡಲೇ ಕೆಳಗಿನ ಗಡಿ. ದಿನವಿಡೀ ಏರು–ಇಳಿ. ಅದೇ ಹಂಟಿಂಗ್. ಬೇಟೆ ಅಲ್ಲ, ‘ಹೊಯ್ದಾಟ’. ಕಾಂಟ್ಯಾಕ್ಟ್ ಸವೆದು ಡೈವರ್ಟರ್ ಸ್ವಿಚ್ಚಿನ (ಟ್ಯಾಪ್ ಬದಲಿಸೋ ಸ್ವಿಚ್ಚು) ಎಣ್ಣೆ ಕರ್ರಗಾಗೋದು ಇದರಿಂದಲೇ. ಅದಕ್ಕೇ ಅಂತರವನ್ನು ಸುಮಾರು ಎರಡು ಟ್ಯಾಪಿನಷ್ಟು ಅಗಲ ಇಟ್ಟು, ಮೇಲೆ 30ರಿಂದ 60 ಸೆಕೆಂಡ್ ತಡ ಕೊಡೋದು. ದೊಡ್ಡ ಮೋಟರ್ ಚಾಲೂ ಆದಾಗ ಒಂದು ಕ್ಷಣ ವೋಲ್ಟೇಜು ಬೀಳ್ತದ. ಅದಕ್ಕೆಲ್ಲ ಟ್ಯಾಪ್ ಓಡಬಾರದು. ಕೆಪಾಸಿಟರ್ ಬ್ಯಾಂಕ್ (ವೋಲ್ಟೇಜ್ ಎತ್ತಲಿಕ್ಕೆ ಹಚ್ಚೋ ಕೆಪಾಸಿಟರುಗಳ ಗುಂಪು) ಕೂಡ ಅದೇ ಬಸ್ಸಿನ ವೋಲ್ಟೇಜ್ ನೋಡ್ಕೊಂಡು ತಾನೇ ಸೇರಿ ತಾನೇ ಬಿಡ್ತಿದ್ದರೆ ಎರಡರ ತಡ ಬೇರೆ ಬೇರೆ ಇರಬೇಕು, ಇಲ್ಲಾಂದ್ರ ಒಂದು ಏರಿಸಿದ್ದನ್ನ ಇನ್ನೊಂದು ಇಳಿಸ್ತದ.

‘ಹಿಮ್ಮುಖ ಪ್ರವಾಹ’ ಅಂತ ಭೀಮಾ ದಂಡಿ ಊರಾಗ ಫಲಕ ಹಾಕಿದ್ರ ಜನ ದನ ಬಿಚ್ಕೊಂಡು ದಿಬ್ಬ ಏರ್ತಾರ. ಸೋಲಾರ್ ಕರೆಂಟು ಮನೆ ಕಡೆಯಿಂದ ಸ್ಟೇಷನ್ ಕಡೆ ಹೋಗೋದಕ್ಕ ‘ಉಲ್ಟಾ ಹರಿವು’ ಸಾಕು.

ನಿವೃತ್ತ ಅಧ್ಯಾಪಕ, ಬೀದರ್:

ಮಿನ್ನೊತ್ತೂ ಬೇಡ, ವೋಲ್ಟೇಜೂ ಬೇಡ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ವಿಭವಾಂತರ’ ಇದ್ದೇ ಇದೆ. ವಿಭವ ಎಂದರೆ ಸಾಮರ್ಥ್ಯ, ಸಂಪತ್ತು; ವೈಭವ ಹುಟ್ಟಿದ್ದು ಅದರಿಂದಲೇ. ಏರಬಲ್ಲದ್ದು, ಇಳಿಯಬಲ್ಲದ್ದು ಎರಡಕ್ಕೂ ಒಗ್ಗುತ್ತದೆ. ‘ವಿಭವ ನಿಯಮನ’ ಎನ್ನಿ.

ಬೆಂಗಳೂರಿನ ಮಿತ್ರರಿಗೆ: ಎರವಲು ಹೊರಗಟ್ಟುವುದಾದರೆ ತಂತಿಯನ್ನೂ ಕಂಬವನ್ನೂ ಕಿತ್ತುಹಾಕಬೇಕಾಗುತ್ತದೆ. ಒಂದು ತಂತ್ರಿಯ ತದ್ಭವ, ಇನ್ನೊಂದು ಸ್ತಂಭದ್ದು. ಆಮೇಲೆ ನಿಮ್ಮ ಮಿನ್ನೊತ್ತನ್ನು ಯಾವುದರ ಮೇಲೆ ಎಳೆಯುತ್ತೀರಿ?

ಪದಪ್ರೇಮಿ, ಬೆಂಗಳೂರು:

ತದ್ಭವ ಬೇರೆ, ಹಸಿ ಇಂಗ್ಲಿಷ್ ಬೇರೆ. ಬಾಯಲ್ಲಿ ನುರಿದು ಕನ್ನಡವಾದದ್ದಕ್ಕೆ ನನ್ನ ತಕರಾರಿಲ್ಲ.

ವಿದ್ಯುತ್ ಇಂಜಿನಿಯರ್, ಕಲಬುರಗಿ:

‘ತಕರಾರು’ ಎಲ್ಲಿಂದ ಬಂತ್ರೀ ಸರ? ಅರಬ್ಬಿಯಿಂದ. ಇನ್ನ ‘ವಿಭವ ಕಡಿಮೆ ಆಗ್ಯಾದ’ ಅಂತ ಯಾವ ರೈತ ಫೋನ್ ಮಾಡ್ತಾನ? ‘ವೋಲ್ಟೇಜ್ ಇಲ್ಲ, ಮೋಟರ್ ಎತ್ತವಲ್ದು’ ಅಂತಾನ. ಆ ಮಾತಿನಾಗ ಶಾಸ್ತ್ರನೂ ಅದ: ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳೀತದ. ವೋಲ್ಟೇಜು ಶೇ 80ಕ್ಕೆ ಬಂದ್ರ ತಿರುಗುಬಲ ಶೇ 64. ಪಂಪು ಎತ್ತದೇ ನಿಂತು ಕರೆಂಟ್ ಎಳೆದು ವೈಂಡಿಂಗ್ ಸುಡ್ತದ. ನುರಿದ ಪದ ಬೇಕಂದ್ರಲ್ಲ, ವೋಲ್ಟೇಜ್ ಹೊಲದಾಗ ನುರಿದದ.

ಅನುವಾದಕ, ಯಾದಗಿರಿ:

ವೋಲ್ಟೇಜ್ ಇರಲಿ. ರಿಯಾಕ್ಟಿವ್ ಪವರ್ ಉಳಿದಿದೆ. ಮತ್ತೆ, ಸೋಲಾರ್ ಇನ್ವರ್ಟರ್‌ಗೂ ಟ್ರಾನ್ಸ್‌ಫಾರ್ಮರ್‌ಗೂ ಕರಡಿನಲ್ಲಿ ‘ಪರಿವರ್ತಕ’ ಎಂದೇ ಇದೆ.

ವಿದ್ಯುತ್ ಇಂಜಿನಿಯರ್, ಕಲಬುರಗಿ:

ಪಠ್ಯಪುಸ್ತಕದಾಗ ಶಕ್ತಿ ಅಂದ್ರ ಎನರ್ಜಿ, ಪವರ್ರಿಗೆ ಸಾಮರ್ಥ್ಯ. ಹಂಗಾಗಿ ‘ಪ್ರತಿಕ್ರಿಯಾತ್ಮಕ ಶಕ್ತಿ’ಯಲ್ಲಿ ‘ಶಕ್ತಿ’ ಅನ್ನೋದು ತಪ್ಪು. ಸ್ಟೇಷನ್ನಿನಾಗ ‘ಕೆವಿಎಆರ್’ ಅಂತಾರ, ಅದನ್ನೇ ಇಟ್ಟು ಒಂದು ಸಾಲು ವಿವರಣೆ ಕೊಡ್ರಿ: ಮೋಟರ್, ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರಕ್ಕೆ ಬೇಕಾಗಿ ಹೋಗಿ ಬಂದು ಮಾಡುವ ಪಾಲು, ನೀರೆತ್ತೋದಿಲ್ಲ, ಆದರೆ ಲೈನಿನ ವೋಲ್ಟೇಜ್ ಇಳಿಸ್ತದ. ಕೆಪಾಸಿಟರ್ ಅದನ್ನ ಹತ್ತಿರದಲ್ಲೇ ಒದಗಿಸಿದ್ರ ಲೈನಿನ ಮೇಲಿನ ಹೊರೆ ಇಳೀತದ. ಆದ್ರ ಅದರ ಕೊಡುಗೆನೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ: ಶೇ 90 ವೋಲ್ಟೇಜಿಗೆ ಶೇ 81 ಕೆವಿಎಆರ್. ಬೇಕಾದಾಗಲೇ ಕಡಿಮೆ ಕೊಡೋ ಸಾಮಾನು ಅದು. ರಾತ್ರಿ ಪಂಪು ನಿಂತ ಮೇಲೆ ಬಿಡಿಸದೇ ಇದ್ದರೆ ವೋಲ್ಟೇಜ್ ಏರಿ ಕೂಡ್ತದ.

ಇನ್ವರ್ಟರ್ ಇನ್ವರ್ಟರೇ, ಟ್ರಾನ್ಸ್‌ಫಾರ್ಮರಿಗೆ ಊರಾಗ ‘ಟಿಸಿ’. ಎರಡಕ್ಕೂ ಪರಿವರ್ತಕ ಅಂದ್ರ ಈ ವಾಕ್ಯವನ್ನ ಹೆಂಗ ಬರೀತೀರಿ: ‘ಮಧ್ಯಾಹ್ನ ಇನ್ವರ್ಟರ್ ತಳ್ಳುವ ಕರೆಂಟು ಟಿಸಿ ಕಡೆ ಉಲ್ಟಾ ಹರಿದರೆ ಲೈನಿನ ತುದಿಯಲ್ಲಿ ವೋಲ್ಟೇಜ್ ಹೆಚ್ಚು, ಬುಡದಲ್ಲಿ ಕಡಿಮೆ’. ಕೈಪಿಡಿಯ ಜೀವ ಈ ವಾಕ್ಯದಾಗ ಅದ. ಹಳೇ ರಿಲೇ ಬಸ್ಸಿನ ವೋಲ್ಟೇಜೊಂದೇ ನೋಡ್ತದ. ಲೈನ್ ಡ್ರಾಪ್ ಕಾಂಪೆನ್ಸೇಶನ್ (ಕರೆಂಟ್ ನೋಡಿ ಲೈನಿನಾಗ ಇಳಿಯೋ ವೋಲ್ಟೇಜ್ ತುಂಬಿಕೊಡೋ ಏರ್ಪಾಡು) ಹಾಕಿದ್ರೂ, ಸೋಲಾರ್ ಕೊಡೋದರಿಂದ ಟ್ರಾನ್ಸ್‌ಫಾರ್ಮರಿನ ಕರೆಂಟ್ ಕಡಿಮೆ ಕಂಡು ‘ಲೋಡ್ ಇಲ್ಲ’ ಅಂತ ಟ್ಯಾಪ್ ಇಳಿಸ್ತದ. ಆವಾಗ ಅದೇ ಬಸ್ಸಿನ ಮೇಲಿರೋ ಸೋಲಾರ್ ಇಲ್ಲದ ಫೀಡರಿನ ಕೊನೆ ಊರು ಡಿಮ್. 230 ವೋಲ್ಟಿಗೆ ಶೇ 10 ಮೇಲೆ ಕೆಳಗೆ ಅಂದ್ರ 207ರಿಂದ 253. ಒಂದು ಫೀಡರಿನ ತುದಿ ಮೇಲಿನ ಗಡಿಗೆ, ಇನ್ನೊಂದರ ತುದಿ ಕೆಳಗಿನ ಗಡಿಗೆ ಹೋದರೆ ಟ್ಯಾಪೊಂದರಿಂದ ಎರಡನ್ನೂ ಸಂಭಾಳಿಸಲಿಕ್ಕಾಗಲ್ಲ. ತುದಿಯ ಸ್ಮಾರ್ಟ್ ಮೀಟರ್ ಕಳಿಸಿದ ವೋಲ್ಟೇಜ್ ನೋಡಿ, ಇನ್ವರ್ಟರಿಗೆ ಕೆವಿಎಆರ್ ಹೀರು ಅಂತ ಹೇಳೋದು, ಕೆಪಾಸಿಟರ್ ಸೇರಿಸೋದು–ಬಿಡಿಸೋದು, ಟ್ಯಾಪ್ ಮುಟ್ಟೋದು ಎಲ್ಲಕ್ಕಿಂತ ಕೊನೆಗೆ. ‘ಸ್ಮಾರ್ಟ್’ ಅನ್ನೋದಕ್ಕೆ ಇಲ್ಲಿ ಇಷ್ಟೇ ಅರ್ಥ. ಜಾಣ, ಚತುರ ಯಾವುದೂ ಬೇಡ.

ಅನುವಾದಕ, ಯಾದಗಿರಿ:

ಫಲಕದ ಎರಡು ಸಾಲು ನೋಡಿ. ಆನ್ ಲೋಡ್ ಟ್ಯಾಪ್: ‘ಲೈನ್ ಚಾಲೂ ಇರುವಾಗಲೇ ಬದಲಿಸಬಹುದು’. ಟಿಸಿಯ ಆಫ್ ಸರ್ಕ್ಯೂಟ್ ಟ್ಯಾಪ್: ‘ಲೈನ್ ಬಂದ್ ಇರುವಾಗ ಮಾತ್ರ’.

ಪದಪ್ರೇಮಿ, ಬೆಂಗಳೂರು:

ಚಾಲೂ ಹಿಂದಿ–ಮರಾಠಿ, ಬಂದ್ ಪಾರಸಿ. ಸರ್ಕಾರಿ ಫಲಕವೋ, ಸಂತೆಯೋ?

ನಿವೃತ್ತ ಅಧ್ಯಾಪಕ, ಬೀದರ್:

ಪಾರಸಿ ಅನ್ನೋದು ದೋಷವಲ್ಲ. ಬಹಮನಿ ಕಾಲದಿಂದ ಈ ಭಾಗದ ಕನ್ನಡ ಹೀಗೇ ಇದೆ, ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಆದರೂ ‘ಬಂದ್’ ತೆಗೆಯಿರಿ, ಬೇರೆ ಕಾರಣಕ್ಕೆ. ನಮ್ಮ ಕಡೆ ‘ಕರೆಂಟ್ ಬಂದದ’ ಎಂದರೆ ಕರೆಂಟು ಬಂದಿದೆ. ‘ಕರೆಂಟ್ ಬಂದ್ ಅದ’ ಎಂದರೆ ಇಲ್ಲ. ಫೋನಿನಲ್ಲಿ ಎರಡೂ ಒಂದೇ ಸಮ ಕೇಳುತ್ತವೆ. ಕಂಬದ ಮೇಲೆ ಇರುವವನಿಗೆ ಆ ವ್ಯತ್ಯಾಸ ಸಣ್ಣದಲ್ಲ.

ವಿದ್ಯುತ್ ಇಂಜಿನಿಯರ್, ಕಲಬುರಗಿ:

ಇದು ಮಾತು. ‘ಬಂದ್’ ತೆಗೀರಿ, ‘ಚಾಲೂ’ ಇರಲಿ. ಎರಡನೇ ಸಾಲು: ‘ಎಲ್‌ಸಿ ತೆಗೆದುಕೊಂಡು, ಎರಡೂ ಕಡೆ ಕರೆಂಟ್ ತೆಗೆದು, ಅರ್ತ್ ಮಾಡಿದ ಮೇಲೆ ಮಾತ್ರ’. ಎಲ್‌ಸಿ ಅಂದ್ರ ಲೈನ್ ಕ್ಲಿಯರ್, ಲೈನ್ ಮುಟ್ಟಲಿಕ್ಕೆ ಸ್ಟೇಷನ್ ಕೊಡೋ ಪರವಾನಗಿ. ಎರಡೂ ಕಡೆ ಅಂತ ಬರೀಲೇಬೇಕು. 11 ಕೆವಿ ಕಡೆ ತೆಗೆದರೂ ಎಲ್‌ಟಿ (ಮನೆಗಳಿಗೆ ಹೋಗೋ ಕಡಿಮೆ ವೋಲ್ಟೇಜಿನ) ಕಡೆಯಿಂದ ಯಾರದೋ ಜನರೇಟರ್ ಉಲ್ಟಾ ಕೊಡ್ತಿದ್ದರೆ ಟಿಸಿ ಅದನ್ನ 11 ಕೆವಿ ಮಾಡ್ತದ.

ಕೈಪಿಡಿಯಾಗ ‘ವೋಲ್ಟೇಜ್ ಕಡಿಮೆ ಇದ್ದರೆ ಟ್ಯಾಪ್ ಏರಿಸಿ’ ಅಂತ ಇದ್ದರೆ ಅದನ್ನೂ ತಿದ್ರಿ. ಟ್ಯಾಪ್ ಇರೋದು 11 ಕೆವಿ ಅಂದ್ರ ಎಚ್‌ಟಿ ಕಡೆ. ಅಲ್ಲಿ ಸುತ್ತು ಕಡಿಮೆಯಾದ್ರ ಎಲ್‌ಟಿ ವೋಲ್ಟೇಜ್ ಏರ್ತದ. ನಂಬರ್ ಏರಿದ್ರ ಸುತ್ತು ಇಳೀತದೋ ಏರ್ತದೋ ಅನ್ನೋದು ನೇಮ್ ಪ್ಲೇಟ್ ಹೇಳಬೇಕು. ‘ನೇಮ್ ಪ್ಲೇಟ್ ನೋಡಿ, ಎಲ್‌ಟಿ ವೋಲ್ಟೇಜ್ ಏರುವ ಕಡೆಗೆ ಒಂದು ಟ್ಯಾಪ್ ತಿರುಗಿಸಿ’ ಅಂತ ಹಾಕಿರಿ. ಒಂದೇ ಟ್ಯಾಪ್. ಮೀಟರ್ ಹಚ್ಚಿ ನೋಡಿದ ಮೇಲೆ ಮುಂದಿನದು.