ಕ್ಯಾಪ್ಶನ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ, ಮಲಯಾಳ ಸಾಲು ಪೂರ್ತಿ ಚೌಕ ಚೌಕ

ಪೆರ್ಲದ ಹುಡುಗ

ನಮ್ಮ ಕಾಸರಗೋಡು ಕಡೆಯ ತಾಳಮದ್ದಳೆಯ ತುಣುಕುಗಳನ್ನು ಫೋನಲ್ಲೇ ಎಡಿಟ್ ಮಾಡಿ ಹಾಕುತ್ತಿದ್ದೇನೆ. ಆಂಡ್ರಾಯ್ಡ್ ಫೋನ್. ಅರ್ಥಧಾರಿಗಳ ಮಾತಿನ ವೇಗ ನಿಮಗೆ ಗೊತ್ತಲ್ಲ, ಹಾಗಾಗಿ ಕೆಳಗೆ ಕನ್ನಡದಲ್ಲಿ ಕ್ಯಾಪ್ಶನ್ ಬೇಕು. ಅದರಡಿಗೆ ಮಲಯಾಳದಲ್ಲೂ ಒಂದು ಸಾಲು ಬೇಕು, ಯಾಕಂದ್ರೆ ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಮಲಯಾಳ ಮಾತ್ರ ಓದಿದ ಮಕ್ಕಳು ಇಲ್ಲಿ ಬೇಕಾದಷ್ಟು ಇದ್ದಾರೆ.

ಟೈಪ್ ಮಾಡುವಾಗ "ಕಾರ್ತವೀರ್ಯಾರ್ಜುನ" ಸರಿಯಾಗಿಯೇ ಕಾಣುತ್ತದೆ. ಚಂದದ ಸ್ಟೈಲ್ ಒಂದನ್ನು ಒತ್ತಿದ ಕೂಡಲೇ "ಕಾರ್‌ತವೀರ್‌ಯಾರ್‌ಜುನ" ಆಗುತ್ತದೆ. ಮಲಯಾಳ ಸಾಲು ಪೂರ್ತಿ ಖಾಲಿ ಚೌಕ. "ರಾಷ್ಟ್ರ" ಅಂತ ಬರೆದರೆ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಅಪ್‌ಡೇಟ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಆ್ಯಪ್ ಬದಲಿಸಿ ಅಂತ ಮಾತ್ರ ಹೇಳಬೇಡಿ ಮಾರಾಯ್ರೇ, ಹಳೆಯ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಉಂಟು.

ಕುಂಬಳೆ ಎಕ್ಸ್‌ಪ್ರೆಸ್

ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಕ್ಲಿಯರ್ ಮಾಡಿ, ಸರಿ ಆಗ್ತದೆ.

ತೋಟದ ಮನೆಯವಳು

ಅಯ್ಯೋ, ಡೇಟಾ ಕ್ಲಿಯರ್ ಒತ್ತಬೇಡಿ! ಫೋನಲ್ಲಿರುವ ಪ್ರಾಜೆಕ್ಟ್‌ಗಳೂ ಅದರ ಜೊತೆಗೇ ಹೋಗುತ್ತವೆ. ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಕ್ಲಿಯರ್ ಬೇರೆ, ಡೇಟಾ ಕ್ಲಿಯರ್ ಬೇರೆ. ಎರಡರಿಂದಲೂ ಈ ತೊಂದರೆ ಹೋಗುವುದಿಲ್ಲ.

ತಮ್ಮಾ, ನೀವು ಹೇಳಿದ್ದು ಮೂರೂ ಬೇರೆ ಬೇರೆ ರೋಗ. ಚೌಕ ಬಂತು ಅಂದ್ರೆ ಆ ಫಾಂಟ್‌ನಲ್ಲಿ ಆ ಲಿಪಿಯೇ ಇಲ್ಲ ಅಂತ ಅರ್ಥ, ಅಷ್ಟೆ. ಕನ್ನಡದ ಫಾಂಟ್ ಆಯ್ದುಕೊಂಡು ಅದರಲ್ಲೇ ಮಲಯಾಳ ಬರೆದರೆ ಅದು ಎಲ್ಲಿಂದ ತರುತ್ತದೆ? ಎರಡು ಸಾಲನ್ನು ಒಂದೇ ಟೆಕ್ಸ್ಟ್ ಬಾಕ್ಸ್‌ನಲ್ಲಿ ಹಾಕಬೇಡಿ. ಎರಡು ಲೇಯರ್ ಮಾಡಿ, ಎರಡಕ್ಕೂ ಅದರದ್ದೇ ಫಾಂಟ್ ಕೊಡಿ. ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಕನ್ನಡ, ಅನೇಕ್ ಮಲಯಾಳಂ ಅಂತ ಜೋಡಿ ಉಂಟು. ಸ್ವಲ್ಪ ದಪ್ಪ, ದುಂಡಗೆ ಬೇಕಾದರೆ ಬಲೂ ತಮ್ಮ 2 ಮತ್ತು ಬಲೂ ಚೆಟ್ಟನ್ 2. ಎಲ್ಲ ಉಚಿತ. ಒಂದೇ ಕೈ ಬರೆದ ಹಾಗೆ ಹೊಂದಿಕೊಳ್ಳುತ್ತವೆ. ಡೌನ್‌ಲೋಡ್ ಮಾಡಿದ ಜಿಪ್ ಬಿಚ್ಚಿದರೆ ಹೊರಗೊಂದು ವೇರಿಯಬಲ್ ಅಂತ ಹೆಸರಿನ ಫೈಲ್, ಒಳಗೆ ಸ್ಟ್ಯಾಟಿಕ್ ಅಂತ ಒಂದು ಫೋಲ್ಡರ್ ಇರುತ್ತದೆ. ಸ್ಟ್ಯಾಟಿಕ್‌ನ ಒಳಗಿನ ಫೈಲನ್ನೇ ಆ್ಯಪ್‌ಗೆ ಸೇರಿಸಿ. ವೇರಿಯಬಲ್ ಫಾಂಟ್, ಅಂದ್ರೆ ಸಪೂರ ದಪ್ಪ ಎಲ್ಲ ಒಂದೇ ಫೈಲಲ್ಲಿ ಇರುವಂಥದ್ದು, ಸುಮಾರು ಎಡಿಟಿಂಗ್ ಆ್ಯಪ್‌ಗಳಿಗೆ ಆಗುವುದಿಲ್ಲ.

ಒತ್ತು ಒಡೆಯುವುದು ಹಾಗಲ್ಲ. ಫೋನಿನ ಒಳಗೆ "ರ್ಯ" ಅನ್ನುವುದು ರ, ಅರ್ಧಾಕ್ಷರ ಮಾಡುವ ಚಿಹ್ನೆ (್), ಯ ಅಂತ ಮೂರು ತುಂಡಾಗಿಯೇ ಇರುತ್ತದೆ. ಅದನ್ನು ಸೇರಿಸಿ, ಅರ್ಕಾವತ್ತನ್ನು ಯದ ಬಲಗಡೆಗೆ ತಂದು ಕೂರಿಸುವ ಕೆಲಸ ಬೇರೆಯೇ ಉಂಟು. ಆ್ಯಪ್ ಒಂದೊಂದೇ ತುಂಡನ್ನು ಪ್ರತ್ಯೇಕವಾಗಿ ಬಿಡಿಸಿದರೆ ಆ ಕೆಲಸ ನಡೆಯುವುದೇ ಇಲ್ಲ. ನೀವು ಹಾಕಿದ ಸ್ಟೈಲ್‌ನಲ್ಲಿ ಅಕ್ಷರ ಒಂದೊಂದಾಗಿ ಹಾರಿ ಬರುವ ಅನಿಮೇಷನ್ ಇದೆಯಾ ನೋಡಿ. ಟೈಪ್‌ರೈಟರ್, ಬೌನ್ಸ್ ಅಂತೆಲ್ಲ ಇರುತ್ತದಲ್ಲ, ಇಂಗ್ಲಿಷ್‌ಗೆ ಮಾಡಿದ್ದು ಅವು. ನಮ್ಮ ಲಿಪಿಗೆ ಸುಮ್ನೆ ತಲೆನೋವು. ಪದ ಪದವಾಗಿ ಬರುವುದನ್ನೋ ಇಡೀ ಸಾಲು ಒಟ್ಟಿಗೆ ಬರುವುದನ್ನೋ ಹಾಕಿ. ಲೆಟರ್ ಸ್ಪೇಸಿಂಗ್ ಸೊನ್ನೆಗೆ ತನ್ನಿ.

ಕೆಳಗೆ ಕತ್ತರಿಸಿ ಹೋಗುವುದಕ್ಕೆ ಲೈನ್ ಸ್ಪೇಸಿಂಗ್ ಜಾಸ್ತಿ ಮಾಡಿ. ಒಂದೇ ಸಾಲು ಇದ್ದು ಅದೂ ಸಾಕಾಗದಿದ್ದರೆ ಕೊನೆಗೆ ಎಂಟರ್ ಒತ್ತಿ ಖಾಲಿ ಸಾಲೊಂದು ಬಿಡಿ, ಬಾಕ್ಸ್ ಉದ್ದ ಆಗುತ್ತದೆ. "ಷ್ಟ್ರ"ದಲ್ಲಿ ಒತ್ತಿನ ಅಡಿಗೆ ಇನ್ನೊಂದು ಒತ್ತು, ಜಾಗ ಬೇಕೇ ಬೇಕು.

ಪೆರ್ಲದ ಹುಡುಗ

ಅಕ್ಕಾ, ಅನಿಮೇಷನ್ ತೆಗೆದದ್ದೇ ತಡ, ಕಾರ್ತವೀರ್ಯ ನೆಟ್ಟಗೆ ನಿಂತ! ಬಲೂ ಜೋಡಿ ಹಾಕಿದ್ದೇನೆ, ಮಲಯಾಳವೂ ಬಂತು. ಈಗ ಇನ್ನೊಂದು ಹೊಸತು. ಎಡಿಟ್ ಮಾಡುವಾಗ ಎಲ್ಲ ಸರಿ ಇದ್ದರೂ ಎಕ್ಸ್‌ಪೋರ್ಟ್ ಮಾಡಿದ ವಿಡಿಯೋದಲ್ಲಿ ಒಂದೆರಡು ಕಡೆ ಪುನಃ ಒಡೆದಿದೆ. ಮತ್ತೆ, ಪ್ರಸಂಗದ ಪದ್ಯವನ್ನು ಒಬ್ಬರು ಹಿರಿಯರು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ ಫೈಲ್ ಕೊಟ್ಟಿದ್ದಾರೆ. ಅದನ್ನು ಪೇಸ್ಟ್ ಮಾಡಿದರೆ ತಲೆ ಮೇಲೆ ಗೆರೆ, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಗಡಿಯಾಚೆ

ಎರಡನೆಯದು ನಾನು ಹೇಳ್ತೇನೆ. ಅದು "ನುಡಿ", "ಬರಹ" ಅಂತ ಕನ್ನಡ ಟೈಪ್ ಮಾಡುವ ತಂತ್ರಾಂಶಗಳಿವೆಯಲ್ಲ, ಅವುಗಳ ಹಳೆ ಫೈಲ್ ಇರಬೇಕು. ಯೂನಿಕೋಡ್ ಅಲ್ಲ, ಅಂದ್ರೆ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಈಗಿನ ಪದ್ಧತಿಯದ್ದಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳು ಅವು. ಫಾಂಟ್ ಹೋದರೆ ಕನ್ನಡವೂ ಹೋಯ್ತು. ಇಂಥ ಹಳೆ ಪದ್ಧತಿಯಿಂದ (ಆಸ್ಕಿ ಅಂತಾರೆ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ನೆಟ್‌ನಲ್ಲಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಅರ್ಕಾವತ್ತು ಇರುವಲ್ಲಿ ಎಡವಟ್ಟು ಮಾಡುವುದುಂಟು.

ಮುಂದೆ ಎಸ್‌ಆರ್‌ಟಿ ಫೈಲ್ (ಕ್ಯಾಪ್ಶನ್ ಸಾಲುಗಳು ಮತ್ತು ಅವು ಬರುವ ಸಮಯ ಇರುವ ಪ್ರತ್ಯೇಕ ಫೈಲ್) ಮಾಡುವುದಾದರೆ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಆನ್ಸಿ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಫಾಂಟ್ ಬದಲಿಸಿ ಪ್ರಯೋಜನ ಇಲ್ಲ, ಅಕ್ಷರವೇ ಫೈಲಲ್ಲಿ ಇರುವುದಿಲ್ಲ.

ತೋಟದ ಮನೆಯವಳು

ಎಕ್ಸ್‌ಪೋರ್ಟ್‌ನಲ್ಲಿ ಒಡೆಯುವುದಕ್ಕೆ ನನಗೆ ಗೊತ್ತಿರುವ ಗಟ್ಟಿ ದಾರಿ ಒಂದೇ. ಆ ಒಂದೆರಡು ಸಾಲನ್ನು ಬೇರೆ ಫೋಟೋ ಎಡಿಟರ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೋ ಮೇಲೆ ಲೇಯರ್ ಆಗಿ ಇಡಿ. ಚಿತ್ರವನ್ನು ಯಾವ ಆ್ಯಪೂ ಒಡೆಯಲಾರದು. ಎಲ್ಲ ಸಾಲಿಗೂ ಹೀಗೆ ಮಾಡಲು ಹೊರಟರೆ ಬೆಳಗಾಗುತ್ತದೆ, ಒಡೆದಲ್ಲಿ ಮಾತ್ರ ಸಾಕು.

ಉದ್ದದ ವಿಡಿಯೋ ಯೂಟ್ಯೂಬ್‌ಗೆ ಹಾಕುವುದಾದರೆ ಕ್ಯಾಪ್ಶನನ್ನು ವಿಡಿಯೋದಲ್ಲಿ ಅಂಟಿಸಲೇಬೇಡಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಕನ್ನಡಕ್ಕೊಂದು, ಮಲಯಾಳಕ್ಕೊಂದು ಎಸ್‌ಆರ್‌ಟಿ ಸೇರಿಸಿದರೆ ನೋಡುವವರು ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಶಾರ್ಟ್ಸ್‌ಗೆ ಅಂಟಿಸಿದ್ದೇ ಒಳ್ಳೆಯದು. ಆದರೆ ತೀರಾ ಕೆಳಗೆ ಇಡಬೇಡಿ, ಅಲ್ಲಿ ಚಾನೆಲ್ ಹೆಸರು, ಶೀರ್ಷಿಕೆ ಎಲ್ಲ ಬಂದು ನಿಮ್ಮ ಮಲಯಾಳ ಸಾಲು ಅಡಗಿಹೋಗುತ್ತದೆ.