ಕಾಫಿ ತೋಟಕ್ಕೆ 50ರಿಂದ 60 ಸಿಸಿಯ ಚೈನ್‌ಸಾ: ಹಳೆಯದು ಹಿಡಿದುಕೊಂಡಿದೆ, ಹೊಸದು ಯಾವುದು?

ಸಕಲೇಶಪುರದ ಬೆಳೆಗಾರ:

ನಮಸ್ಕಾರ. ಸಕಲೇಶಪುರದ ಬಳಿ ನಮಗೆ ಹದಿನೆಂಟು ಎಕರೆ ರೊಬಸ್ಟಾ ತೋಟವಿದೆ. ನೆರಳಿಗೆ ಹೆಚ್ಚಿನವು ಸಿಲ್ವರ್ ಓಕ್, ನಡುನಡುವೆ ಹಳೆಯ ಹಲಸು, ಅತ್ತಿ ಮತ್ತು ಮತ್ತಿ ಮರಗಳಿವೆ. ಮೂರು ವರ್ಷದ ಹಿಂದೆ ಕೊಂಡಿದ್ದ 45 ಸಿಸಿಯ ಚೈನ್‌ಸಾ ಕಳೆದ ವಾರ ಕೈಕೊಟ್ಟಿತು. ಗಾಳಿಮಳೆಗೆ ದಾರಿಗಡ್ಡವಾಗಿ ಬಿದ್ದಿದ್ದ ಎರಡಡಿ ದಪ್ಪದ ಸಿಲ್ವರ್ ಓಕನ್ನು ತುಂಡು ಮಾಡುತ್ತಿದ್ದಾಗ ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಕೀರಲಾಗಿ ಮೇಲೇರಿತು, ನಾನು ಥ್ರಾಟಲ್ ಬಿಡುವಷ್ಟರಲ್ಲಿ ಅದು ನಿಂತೇಹೋಯಿತು. ಪಿಸ್ಟನ್ ಮತ್ತು ಸಿಲಿಂಡರ್ ಎರಡೂ ಹಾಳಾಗಿವೆ, ರಿಪೇರಿಯ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ.

ವರ್ಷಕ್ಕೆ ಸುಮಾರು ಎರಡು ತಿಂಗಳು ಯಂತ್ರಕ್ಕೆ ಬಿಡುವಿಲ್ಲದ ಕೆಲಸವಿರುತ್ತದೆ. ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳನ್ನು ಸವರುವಾಗ, ಇಳಿಸಿದ ಕೊಂಬೆಗಳನ್ನು ಸೌದೆ ಮಾಡುವುದು, ಬಿದ್ದ ಮರ ತೆಗೆಯುವುದು, ಆಗೊಮ್ಮೆ ಈಗೊಮ್ಮೆ ಸಿಲ್ವರ್ ಓಕ್ ಕಡಿಯುವುದು. ಉಳಿದ ತಿಂಗಳುಗಳಲ್ಲಿ ಅದು ಸ್ಟೋರಿನ ಮೂಲೆಯಲ್ಲಿರುತ್ತದೆ. ಹತ್ತು ವರ್ಷವಾದರೂ ಬಾಳುವ ಯಂತ್ರ ಬೇಕು. ಸ್ಟಿಲ್ ಕಂಪನಿಯ ಎಂಎಸ್ 261, ಹಸ್ಕ್‌ವರ್ನಾ ಕಂಪನಿಯ 550 ಎಕ್ಸ್‌ಪಿ, ಅಥವಾ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ 60 ಸಿಸಿಯದು, ಈ ಮೂರರ ನಡುವೆ ತೂಗಾಡುತ್ತಿದ್ದೇನೆ. ಕೇಳದ ಹೆಸರಿನ ಕಂಪನಿಗಳು 58 ಸಿಸಿ ಎಂದು ಹೇಳಿಕೊಂಡು ತೀರ ಅಗ್ಗಕ್ಕೆ ಮಾರುವ ಯಂತ್ರಗಳೂ ಕಣ್ಣಿಗೆ ಬಿದ್ದಿವೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಮೂಡಿಗೆರೆಯ ಯಂತ್ರ ದುರಸ್ತಿಗಾರ:

ಹೊಸದನ್ನು ಕೊಳ್ಳುವ ಮೊದಲು ಹಳೆಯದು ಏಕೆ ಹೋಯಿತೆಂದು ತಿಳಿದುಕೊಳ್ಳಿ. ಕಾರಣ ನಿಮ್ಮ ಪೆಟ್ರೋಲ್ ಕ್ಯಾನಿನಲ್ಲಿದ್ದರೆ ಎಷ್ಟು ಬೆಲೆಯ ಯಂತ್ರ ತಂದರೂ ಅದಕ್ಕೂ ಇದೇ ಗತಿ. ಎರಡು ಕೆಲಸ ಮಾಡಿ ನೋಡಿ. ಸೈಲೆನ್ಸರಿನ ಬೋಲ್ಟ್‌ಗಳನ್ನು ಬಿಚ್ಚಿ ತೆಗೆದರೆ ಹೊಗೆ ಹೋಗುವ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಕಾಣುತ್ತದೆ, ಅಲ್ಲಿ ಗೀರುಗಳಿವೆಯೇ ನೋಡಿ. ಆಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕಳಚಿ ಎದುರು ಬದಿಯ ಕಿಂಡಿಯಿಂದಲೂ ಟಾರ್ಚ್ ಬಿಟ್ಟು ನೋಡಿ. ಹೊಗೆಯ ಕಡೆ ಮಾತ್ರ ಗೀರಿದ್ದರೆ ಎಂಜಿನ್ನಿಗೆ ಗಾಳಿಯ ಪಾಲು ಹೆಚ್ಚಾಗಿ, ಇಂಧನದ ಪಾಲು ಕಡಿಮೆಯಾಗಿ ಕಾದಿದೆ ಎಂದರ್ಥ. ಸುತ್ತಲೂ ಗೀರಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹೋಗಿದೆ. ಗಾಳಿ ಒಳಬರುವ ಕಡೆಯೇ ಸವೆದು ಮಂಕಾಗಿದ್ದರೆ ಏರ್ ಫಿಲ್ಟರ್ ದಾಟಿ ದೂಳು ನುಗ್ಗಿದೆ.

ಎರಡನೆಯದು, ಕ್ಯಾನಿನಲ್ಲಿ ಉಳಿದಿರುವ ಮಿಶ್ರಣವನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು, ಒಂದು ರಾತ್ರಿ ಅಲುಗಿಸದೆ ಇಟ್ಟು, ಬೆಳಕಿಗೆ ಹಿಡಿದು ನೋಡಿ. ಯಾವಾಗ ಬೆರೆಸಿದ್ದೆಂದು ನೆನಪಿದ್ದರೆ ಅದನ್ನೂ ತಿಳಿಸಿ.

ಸಕಲೇಶಪುರದ ಬೆಳೆಗಾರ:

ನೀವು ಹೇಳಿದಂತೆ ಮಾಡಿದೆ. ಹೊಗೆಯ ಕಿಂಡಿಯ ಕಡೆ ಪಿಸ್ಟನ್ನಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ಉಗುರಿನಲ್ಲಿ ಕೆರೆದಂತೆ ಬೆಳ್ಳಿಬಣ್ಣದ ಆಳವಾದ ಗೀರುಗಳಿವೆ. ಪಿಸ್ಟನ್ನಿನ ಒಂದು ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಂಡಿದೆ, ಕಡ್ಡಿಯಿಂದ ಒತ್ತಿದರೂ ಅಲುಗುವುದಿಲ್ಲ. ಎದುರು ಬದಿ ಮಾತ್ರ ನಯವಾಗಿ ಹೊಸದರಂತಿದೆ. ಸಿಲಿಂಡರಿನ ರೆಕ್ಕೆಗಳ ನಡುವೆ ಆಯಿಲಿನಲ್ಲಿ ನೆನೆದ ಮರದ ಹುಡಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆಯಬೇಕಾಯಿತು.

ಬಾಟಲಿಯ ತಳದಲ್ಲಿ ಅರ್ಧ ಬೆರಳಿನಷ್ಟು ಮಸುಕಾದ ಪದರವೊಂದು ಬೇರೆಯಾಗಿ ನಿಂತಿದೆ. ಮೇಲಿನದಕ್ಕೆ ಆಯಿಲಿನ ಬಣ್ಣವಿದೆ, ತಳದ್ದಕ್ಕೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಈ ಮಿಶ್ರಣ ಕಳೆದ ಮಳೆಗಾಲಕ್ಕೂ ಮುಂಚೆ ಬೆರೆಸಿದ್ದು, ಮುಚ್ಚಳ ಸಡಿಲವಾಗಿದ್ದ ಕ್ಯಾನಿನಲ್ಲಿ ಅರ್ಧದಷ್ಟು ಉಳಿದಿತ್ತು. ಕಾರ್ಬ್ಯುರೇಟರಿನ ತಿರುಪುಗಳನ್ನು ಕೊಂಡ ದಿನದಿಂದ ಯಾರೂ ಮುಟ್ಟಿಲ್ಲ.

ಮೂಡಿಗೆರೆಯ ಯಂತ್ರ ದುರಸ್ತಿಗಾರ:

ನಿಂತುಹೋಗುವ ಮುನ್ನ ದನಿ ಕೀರಲಾಗಿ ಏರಿತೆಂದು ಮೊದಲೇ ಬರೆದಿದ್ದಿರಲ್ಲ, ಇಂಧನ ಸಾಲದೆ ಓಡುವ ಎಂಜಿನ್ನಿನ ಲಕ್ಷಣವೇ ಅದು. ಗೀರುಗಳೂ ಅದನ್ನೇ ಹೇಳುತ್ತಿವೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಕಿಲ್ಲವಾದ್ದರಿಂದ, ಬರಿಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಇದೇ ಮಿಶ್ರಣ ಹೋದರೆ ಗಾಳಿಯ ಪಾಲು ತಾನಾಗಿ ಹೆಚ್ಚಾಗುತ್ತದೆ. ಕಾರು ಬೈಕುಗಳ ಫ್ಯೂಯೆಲ್ ಇಂಜೆಕ್ಷನ್ ಇದನ್ನು ಸರಿದೂಗಿಸಿಕೊಳ್ಳುತ್ತದೆ, ತಿರುಪಿನ ಕಾರ್ಬ್ಯುರೇಟರಿಗೆ ಆ ಶಕ್ತಿಯಿಲ್ಲ. ತಿರುಪಿನಿಂದ ಹೊಂದಿಸುವ ಯಂತ್ರಗಳಿಗೆ ಶೇ. 10ಕ್ಕಿಂತ ಹೆಚ್ಚಿನ ಎಥನಾಲ್ ತೊಂದರೆ ಕೊಡಬಹುದೆಂದು ಸ್ಟಿಲ್ ಕಂಪನಿಯ ಕೈಪಿಡಿಗಳಲ್ಲೇ ಬರೆದಿದೆ. ಕಾರ್ಬ್ಯುರೇಟರನ್ನು ತಾನಾಗಿ ಹೊಂದಿಸುವ ಅದರ ಎಂ-ಟ್ರಾನಿಕ್ ವ್ಯವಸ್ಥೆ ಇರುವ ಯಂತ್ರಗಳು ಶೇ. 27ರವರೆಗಿನ ಎಥನಾಲಿನಲ್ಲೂ ಪೂರ್ಣ ಶಕ್ತಿ ಕೊಡುತ್ತವೆಂದೂ ಅಲ್ಲೇ ಇದೆ.

ಬಾಟಲಿಯ ತಳದಲ್ಲಿ ನಿಂತದ್ದು ನೀರು ಹೀರಿಕೊಂಡ ಎಥನಾಲ್. ಟು ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ ಆ ತಳದ ಪದರದಲ್ಲಿ ಜಿಡ್ಡೇ ಇರುವುದಿಲ್ಲ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ತಳದಲ್ಲೇ. ರೆಕ್ಕೆಗಳ ನಡುವಿನ ಹುಡಿ ತಂಪಾಗಲು ಬಿಡಲಿಲ್ಲ. ಮೂರೂ ಸೇರಿ ನಿಮ್ಮ ಯಂತ್ರವನ್ನು ಕೆಡಿಸಿದವು, 45 ಸಿಸಿ ಸಾಲದೆ ಹೋದದ್ದಲ್ಲ.

ಇನ್ನು ಆಯ್ಕೆಯ ಮಾತು. ಸಿಸಿ ಒಂದನ್ನೇ ನೋಡಿ ಕೊಳ್ಳಬೇಡಿ. ಸ್ಟಿಲ್‌ನದೇ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಡುತ್ತೇನೆ. ಎಂಎಸ್ 271 ಮತ್ತು ಎಂಎಸ್ 261 ಎರಡೂ 50.2 ಸಿಸಿ. ಆದರೆ 271 ಕೊಡುವುದು 2.6 ಕಿಲೋವ್ಯಾಟ್, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಇಲ್ಲದೆ ಅದರ ತೂಕ 5.6 ಕಿಲೋ. 261 ಸುಮಾರು 4.9 ಕಿಲೋ ತೂಗಿ 3.0 ಕಿಲೋವ್ಯಾಟ್ ಕೊಡುತ್ತದೆ. 261ರಲ್ಲಿ ಕ್ರ್ಯಾಂಕ್ ಕೂರುವ ಪೆಟ್ಟಿಗೆಯೇ ಮೆಗ್ನೀಷಿಯಮ್ ಲೋಹದ್ದು, ಸಿಲಿಂಡರನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. 271ರ ವರ್ಗದ ಯಂತ್ರಗಳಲ್ಲಿ ಎಂಜಿನ್ ಬೇರೆಯಾಗಿ ಕಟ್ಟಿ ಪ್ಲಾಸ್ಟಿಕ್ ಮೈಯೊಳಗೆ ಇಳಿಸಿರುತ್ತಾರೆ. ದಿನಕ್ಕೆ ಅರ್ಧ ಗಂಟೆಯ ಕೆಲಸಕ್ಕೆ ಅದೂ ಸಾಕು. ಆದರೆ ಇಡೀ ದಿನ ಕಾದು ದುಡಿಯುವ ಯಂತ್ರದಲ್ಲಿ ಬೇರಿಂಗುಗಳು ಅಲ್ಲಾಡದಂತೆ ಹಿಡಿದಿಡುವುದು ಲೋಹದ ಪೆಟ್ಟಿಗೆ. ದುರಸ್ತಿಗೆ ಬಂದಾಗಲೂ ನಾಲ್ಕು ಬೋಲ್ಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ. ಹತ್ತು ವರ್ಷ ಬಾಳಬೇಕೆಂದರೆ ನಾನು ನೋಡುವುದು ಇದನ್ನೇ.

ಹಸ್ಕ್‌ವರ್ನಾ 550 ಎಕ್ಸ್‌ಪಿ ಮಾರ್ಕ್ 2 ಕೂಡ ಇದೇ ವರ್ಗದ್ದು, 50.1 ಸಿಸಿ, 3.0 ಕಿಲೋವ್ಯಾಟ್, 5.3 ಕಿಲೋ. ಇದರ ಆಟೋಟ್ಯೂನ್ ಸಹ ಕಾರ್ಬ್ಯುರೇಟರನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಇವೆರಡರಲ್ಲಿ ಒಂದು ಮೇಲು ಒಂದು ಕೀಳು ಎಂದು ಹೇಳಲಾರೆ. ಯಾವುದರ ಸರ್ವಿಸ್ ಸೆಂಟರ್ ನಿಮಗೆ ಒಂದು ಗಂಟೆಯ ದಾರಿಯಲ್ಲಿದೆಯೋ, ಯಾರು ಪ್ಲಗ್, ಕಾರ್ಬ್ಯುರೇಟರಿನ ಡಯಾಫ್ರಮ್ ಕಿಟ್, ಕ್ಲಚ್ ಡ್ರಮ್‌ಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡಿದ್ದಾರೋ ಅದನ್ನು ತೆಗೆದುಕೊಳ್ಳಿ. ತಾನೇ ಹೊಂದಿಸಿಕೊಳ್ಳುವ ಕಾರ್ಬ್ಯುರೇಟರ್ ಕೆಟ್ಟರೆ ಕಂಪ್ಯೂಟರ್ ಜೋಡಿಸಿ ಪರೀಕ್ಷಿಸಬೇಕಾಗುತ್ತದೆ, ಆ ಸಲಕರಣೆ ಅವರ ಬಳಿ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಅಗ್ಗದ 58 ಸಿಸಿಯವು ನನ್ನ ಬೆಂಚಿಗೂ ಬರುತ್ತವೆ. ಕೆಲವು ಚೆನ್ನಾಗಿಯೇ ಓಡಿವೆ. ಆದರೆ ಒಂದರ ಬಿಡಿಭಾಗ ಅದೇ ಹೆಸರಿನ ಇನ್ನೊಂದಕ್ಕೆ ಕೂರದ ಉದಾಹರಣೆಗಳನ್ನು ಎಷ್ಟೋ ಕಂಡಿದ್ದೇನೆ. ನಿಮ್ಮಂತೆ ದೀರ್ಘಕಾಲಕ್ಕೆ ಕೊಳ್ಳುವವರಿಗೆ ಅದನ್ನು ತೆಗೆದುಕೊಳ್ಳಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೊಡಗಿನ ಬೆಳೆಗಾರ್ತಿ:

60 ಸಿಸಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಎಂಎಸ್ 361 ಇದೆ, 59 ಸಿಸಿ, 5.6 ಕಿಲೋ. ದೊಡ್ಡ ಮರ ಬಿದ್ದಾಗ ಅದರ ಬಲಕ್ಕೆ ಸಾಟಿಯಿಲ್ಲ. ಆದರೆ ಬಾರ್, ಚೈನ್, ಪೆಟ್ರೋಲ್, ಆಯಿಲ್ ಎಲ್ಲ ಸೇರಿ ಏಳು ಕಿಲೋ ದಾಟುವ ಯಂತ್ರವನ್ನು ಹಿಡಿದು ಇಳಿಜಾರಿನ ತೋಟದಲ್ಲಿ ದಿನವಿಡೀ ಕೊಂಬೆ ಸವರುವುದು ನಮ್ಮ ಕೆಲಸದವರಿಗೆ ಬಲು ಕಷ್ಟವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತೋಳು ಸೋತು ಬಾರಿನ ತುದಿ ನೆಲಕ್ಕೆ ತಾಗುತ್ತದೆ, ಮಣ್ಣು ತಾಗಿದರೆ ಚೈನ್ ಆ ಕ್ಷಣವೇ ಮೊಂಡು. ಸೋತ ಕೈಯಲ್ಲಿ ಅಪಾಯವೂ ಹೆಚ್ಚು. ನಿಮ್ಮ ಕೆಲಸದ ಬಹುಪಾಲು ಕೊಂಬೆ ಮತ್ತು ಸೌದೆಯಾದ್ದರಿಂದ 50 ಸಿಸಿಯೇ ಸರಿ ಎಂದು ನನ್ನ ಅನಿಸಿಕೆ. ಮರದ ಮೇಲೆ ಹತ್ತಿ ಕಸಿ ಮಾಡುವವರ ಕೈಗೆ ಮಾತ್ರ ಇದನ್ನು ಕೊಡಬೇಡಿ. ಇದು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ನಿಂತು ನಡೆಸುವ ಯಂತ್ರ, ಮೇಲೆ ಅವರಿಗೆ ಕತ್ತಿಯೇ ಇರಲಿ. ಹೆಲ್ಮೆಟ್ ಮತ್ತು ಕಾಲಿನ ರಕ್ಷಾಕವಚಕ್ಕೂ ಇದೇ ಬಜೆಟ್ಟಿನಲ್ಲಿ ಹಣ ತೆಗೆದಿಡಿ.

ಸಕಲೇಶಪುರದ ಬೆಳೆಗಾರ:

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಹಾಸನದಲ್ಲಿ ವಿಚಾರಿಸಿದೆ. ನನಗೆ ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗಗಳು ಸಿದ್ಧವಾಗಿ ಸಿಗುವುದು 50 ಸಿಸಿಯ ವೃತ್ತಿಪರ ಯಂತ್ರವೊಂದಕ್ಕೆ, ಪರೀಕ್ಷಿಸುವ ಸಲಕರಣೆಯನ್ನೂ ತೆಗೆದು ತೋರಿಸಿದರು. ಅದನ್ನೇ ಮುಂಗಡ ಕೊಟ್ಟು ಹೇಳಿದ್ದೇನೆ. ಬಾರ್ 16 ಇಂಚಿನದೋ 20 ಇಂಚಿನದೋ ಎಂದು ಕೇಳುತ್ತಿದ್ದಾರೆ. ಹಳೆಯ ಯಂತ್ರವನ್ನು ಸೌದೆಗಾದರೂ ಉಳಿಸಿಕೊಳ್ಳಬಹುದೇ?

ಮೂಡಿಗೆರೆಯ ಯಂತ್ರ ದುರಸ್ತಿಗಾರ:

16 ಇಂಚಿನದೇ ಹಾಕಿಸಿ. ಎರಡಡಿ ದಪ್ಪದ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ದರೆ ಅದು ಧಾರಾಳವಾಗಿ ಸಾಕು. 50 ಸಿಸಿಗೆ 20 ಇಂಚು ಕಟ್ಟಿದರೆ ಒಣಗಿದ ಮತ್ತಿಯಂಥ ಗಟ್ಟಿ ಮರದಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಚೈನ್ 0.325 ಇಂಚು ಪಿಚ್ಚಿನದಾದರೆ (ಪಿಚ್ ಎಂದರೆ ಚೈನಿನ ಕೊಂಡಿಗಳ ಅಂತರದ ಅಳತೆ) 4.8 ಮಿ.ಮೀ. ದುಂಡು ಅರ ತೆಗೆದುಕೊಳ್ಳಿ. ಕೊಯ್ಯುವಾಗ ಉದುರುವುದನ್ನು ಅಂಗೈಯಲ್ಲಿ ಹಿಡಿದು ನೋಡುವ ಅಭ್ಯಾಸ ಮಾಡಿಸಿ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಹಲ್ಲು ಹರಿತವಾಗಿದೆ, ಹಿಟ್ಟಿನಂತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಅರ ಹಿಡಿಯಬೇಕು. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ದರೆ ಎಂಜಿನ್ ಕಾಯುತ್ತದೆ, ಬಾರೂ ಸವೆಯುತ್ತದೆ.

ಕಂಪನಿ ಹೇಳಿದ ಆಯಿಲನ್ನು 50:1ರ ಲೆಕ್ಕದಲ್ಲಿ ಲೀಟರಿಗೆ 20 ಮಿ.ಲೀ. ಹಾಕಿ, ಒಂದು ತಿಂಗಳೊಳಗೆ ಮುಗಿಯುವಷ್ಟನ್ನೇ ಬೆರೆಸಿ. ಕ್ಯಾನಿನ ಮೇಲೆ ಬೆರೆಸಿದ ದಿನಾಂಕ ಬರೆಯಿರಿ. ಮರಗಸಿ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಸ್ಟೋರಿಗಿಡಿ.

ಹಳೆಯದನ್ನು ಎಸೆಯಬೇಡಿ. ಸಿಲಿಂಡರಿಗೆ ಅಂಟಿದ್ದು ಪಿಸ್ಟನ್ನಿನ ಅಲ್ಯೂಮಿನಿಯಂ ಮಾತ್ರವಾಗಿದ್ದು ಒಳಗಿನ ಗಟ್ಟಿ ಲೇಪ ಉಳಿದಿದ್ದರೆ, ಅದನ್ನು ತೊಳೆದು ತೆಗೆದು ಹೊಸ ಪಿಸ್ಟನ್, ರಿಂಗ್ ಹಾಕಿದರೆ ಓಡುತ್ತದೆ. ಉಗುರಿಗೆ ಸಿಗುವಷ್ಟು ಗೀರು ಲೇಪದಲ್ಲೇ ಇದ್ದರೆ ಸಿಲಿಂಡರೂ ಬದಲಾಗಬೇಕು. ಎರಡರಲ್ಲಿ ಯಾವುದಾದರೂ, ಜೊತೆಗೆ ಡಯಾಫ್ರಮ್, ಇಂಧನದ ಪೈಪು ಮತ್ತು ಫಿಲ್ಟರ್ ಹೊಸದು ಹಾಕಿಸಿ, ಎಲ್ಲಿಂದಲಾದರೂ ಗಾಳಿ ನುಸುಳುತ್ತಿದೆಯೇ ಎಂದು ಪರೀಕ್ಷಿಸಿ, ಪೂರ್ತಿ ವೇಗದಲ್ಲಿ ಹೋಗುವ ಇಂಧನದ ಪಾಲನ್ನು ಹೊಂದಿಸುವ ಎಚ್ ತಿರುಪನ್ನು ಇಂದಿನ ಪೆಟ್ರೋಲಿಗೆ ತಕ್ಕಂತೆ ಇಡಬೇಕು. ಪೂರ್ತಿ ಥ್ರಾಟಲಿನಲ್ಲಿ ಬರಿದೇ ಓಡುವಾಗ ದನಿ ಸ್ವಲ್ಪ ಒಡೆದಂತೆ ಗುರುಗುಟ್ಟಬೇಕು, ಚೈನನ್ನು ಮರಕ್ಕೆ ಇಟ್ಟೊಡನೆ ಆ ಒಡಕು ಹೋಗಿ ತಿಳಿಯಾಗಬೇಕು. ನಿಮ್ಮ ಕಿವಿಗೆ ಆ ವ್ಯತ್ಯಾಸ ಹಿಡಿಸುವವರೆಗೆ ತಿರುಪು ಮುಟ್ಟಬೇಡಿ. ಯಂತ್ರ ತೆಗೆದುಕೊಂಡು ಒಂದು ದಿನ ಮೂಡಿಗೆರೆಗೆ ಬಂದರೆ ಎದುರಿಗೇ ಕೇಳಿಸುತ್ತೇನೆ.