ಸಹಾಯ ಬೇಕು: ಸಿಮೆಂಟ್ ನಾಯಿಯ ಬಣ್ಣ ಕಿತ್ತು ಬರುತ್ತಿದೆ

ನಮಸ್ಕಾರ. ನಮ್ಮ ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆ. ಅಂಗಳದ ದಾಸವಾಳದ ಪಕ್ಕ ಕೂರಿಸೋಣ ಅಂತ ಬೇಸಿಗೆಯಲ್ಲಿ ಒಂದು ಮುಧೋಳ ನಾಯಿ ಮಾಡಿದೆ, ಎರಡೂವರೆ ಅಡಿ ಎತ್ತರ. ಒಳಗೆ ಕಬ್ಬಿಣದ ಸರಳು, ಮೇಲೆ ಜಾಳಿಗೆ ಸುತ್ತಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಮೆತ್ತಿದ್ದು. ಮೂತಿ ಉದ್ದ ಬರಲಿ ಅಂತ ಮೂರು ಸಲ ಕೆರೆದು ತಿದ್ದಿದ್ದೇನೆ. ಮನೆಯಲ್ಲಿ ಇನ್ನೂ ಅದನ್ನು ಕರು ಅಂತಲೇ ಕರೆಯುತ್ತಾರೆ, ಇರಲಿ.

ತಪ್ಪು ನನ್ನದೇ. ನಾಲ್ಕೇ ದಿನ ನೀರು ಹೊಡೆದು, ವಾರದೊಳಗೆ ಪ್ರೈಮರ್ ಕೂಡ ಇಲ್ಲದೆ ಸುಮ್ನೆ ಎನಾಮೆಲ್ ಬಳಿದುಬಿಟ್ಟೆ. 28 ದಿನ ಬಿಡಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬೆನ್ನಿನ ಮೇಲೆಲ್ಲ ಗುಳ್ಳೆ ಎದ್ದಿದೆ, ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ, ಅಡಿಯಲ್ಲಿ ಉಪ್ಪಿನಂಥ ಬಿಳಿ ಪುಡಿ. ಹೊಟ್ಟೆ ಕೆಳಗೆ ಪಾಚಿ.

ಪಾಚಿ ಉಜ್ಜಿದರೆ ಹೋಗುತ್ತದೆ, ಅದು ಬಿಡಿ. ನನಗೆ ಜಾಸ್ತಿ ಹೆದರಿಕೆ ಮುಂಗಾಲಿನದ್ದು. ಅಲ್ಲಿ ಕೂದಲಿನಷ್ಟು ಬಿರುಕು, ಅದರಿಂದ ತುಕ್ಕಿನ ನೀರು ಪಾದದವರೆಗೆ ಇಳಿದ ಗೆರೆ ಇದೆ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತಿದೆ ಅಲ್ವಾ? ಸರಳು ಕಾಣುವವರೆಗೆ ಒಡೆದು, ತುಕ್ಕು ಉಜ್ಜಿ ಮತ್ತೆ ಮೆತ್ತಿದರೆ ಸಾಕಾ, ಅಥವಾ ಕಾಲನ್ನೇ ಹೊಸದಾಗಿ ಮಾಡಬೇಕಾ?

ಬಣ್ಣವನ್ನಂತೂ ಪೂರ್ತಿ ಕೆರೆದು, ಚೆನ್ನಾಗಿ ಒಣಗಿಸಿ, ಸಿಮೆಂಟ್ ಪ್ರೈಮರ್ ಮೇಲೆ ಹೊರಗೋಡೆಗೆ ಹಚ್ಚುವ ಅಕ್ರಿಲಿಕ್ ಹಾಕುವವನಿದ್ದೇನೆ. ಗಣಪತಿ ಮಾಡುವವರೊಬ್ಬರನ್ನು ಕೇಳಿದೆ, "ಮಣ್ಣಿನದ್ದಾದರೆ ಹೇಳಿ, ಸಿಮೆಂಟ್ ನಮಗಾಗದು" ಅಂದರು. ಅಂಕೋಲಾ, ಕುಮಟಾ ಕಡೆ ಈ ಕೆಲಸ ಮಾಡಿದವರಿದ್ದರೆ ದಯವಿಟ್ಟು ಹೇಳಿ. ಕಾಲಿನ ಫೋಟೋ ಕೆಳಗೆ ಹಾಕಿದ್ದೇನೆ.